ಖಾಲಿ ಬಿಟ್ಟುಕೊಟ್ಟ ಬಸ್ಸು

ಸಭೆಯ ಅಧ್ಯಕ್ಷರೇ, ಸಾರಿಗೆ ಯೋಜನಾ ಸಮಿತಿಯ ಸಾಹೇಬರೇ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಸ್ಸು ಹಿಡಿದು ಬಂದ, ಬಸ್ಸು ಸಿಗದೆ ಹೇಗೋ ಬಂದು ಮುಟ್ಟಿದ ಸಭಿಕರೇ, ಎಲ್ಲರಿಗೂ ಇಬ್ರಾಹಿಂಸಾಬನ ಸಲಾಮು.

ನಾನು ಭಾಷಣ ಮಾಡುವವನಲ್ಲ, ಗಾದಿ ಹೊಲಿಯುವವನು. ಅರಳೆ ತುಂಬಿ ತುಂಬಿ ಗಂಟಲಿಗೂ ಅರಳೆ ಸೇರಿದೆ. ನಡುವೆ ದನಿ ನಿಂತರೆ ತಪ್ಪು ತಿಳಿಯಬೇಡಿ.

ಬಸ್ಸುಗಳ ಹೊಗೆ ಇಳಿಸುವ ಗುರಿಯನ್ನು ನಮ್ಮ ಭಾಗ ಮುಟ್ಟಿದೆ ಎಂದು ಸಾಹೇಬರು ಈಗಷ್ಟೇ ಹೇಳಿದರು. ಸಂತೋಷ. ಅದಕ್ಕೆ ನೆರವಾದ ಊರುಗಳಿಗೆ ಇಂದು ಸನ್ಮಾನ. ಬೇವೂರಿನ ಆಚೆಗಿರುವ ನಮ್ಮ ಸಣ್ಣ ಊರಿನ ಪರವಾಗಿ ಈ ಶಾಲು ನನ್ನ ಹೆಗಲಿಗೆ ಬಿದ್ದಿದೆ. ನಾವು ಏನು ಮಾಡಿದೆವು? ನಮ್ಮೂರ ಬೆಳಗಿನ ಬಸ್ಸು ನಿಂತಿತು. ಅದರ ಹೊಗೆಯೂ ನಿಂತಿತು. ನಾವು ಮಾಡಿದ್ದು ಅಷ್ಟೇ.

ಅದು ಹೇಗೆ ನಿಂತಿತು ಎಂಬುದನ್ನು ಹೇಳಿ ಕುಳಿತುಕೊಳ್ಳುತ್ತೇನೆ.

ನನ್ನ ಹೆಂಡತಿ ಹಸನಬೀಯ ಕಿಡ್ನಿ ಕೆಟ್ಟಿದ್ದವು. ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಸಲ ಕೊಪ್ಪಳದ ಆಸ್ಪತ್ರೆಗೆ ಬರಬೇಕಿತ್ತು. ರಸ್ತೆಯ ಕುಲುಕಾಟ ಅವಳ ಮೈಗೆ ಆಗುತ್ತಿರಲಿಲ್ಲ. ಅದಕ್ಕೆ ಒಂದು ಸಣ್ಣ ಗಾದಿ ಹೊಲಿದುಕೊಟ್ಟಿದ್ದೆ. ಉಳಿದವರು ಟವೆಲ್ ಎಸೆದು ಸೀಟು ಹಿಡಿದರೆ, ನಾನು ಕಿಟಕಿಯಿಂದ ಗಾದಿ ಹಾಕುತ್ತಿದ್ದೆ.

"ಸಾಬರ, ಮುಂದಿನ ವಾರ ಮಂಚಾನೂ ಹಾಕ್ತೀರೇನ್ರಿ?" ಎಂದು ಕಂಡಕ್ಟರ್ ಹುಲಿಗೇಶ ಕೆಣಕುತ್ತಿದ್ದ.

"ಮಂದಿಗೇ ಜಾಗಾ ಇಲ್ಲ, ಮಂಚ ಎಲ್ಲಿ ಇಡ್ತಿಯೋ ತಮ್ಮಾ?" ಎಂದು ಇವಳು ನಗುತ್ತಿದ್ದಳು.

ಒಂದು ದಿನ ಹುಲಿಗೇಶನೇ ಸುದ್ದಿ ತಂದ. "ನಾಳೆ ಸಾರಿಗೆ ಕಚೇರಿ ದೊಡ್ಡ ಸಾಹೇಬ್ರು ನಮ್ಮ ಬಸ್ಸಿನ್ಯಾಗ ಬರ್ತಾರಂತ. ಏನೋ ನೋಡೋದೈತಂತ." ಏನು ನೋಡುತ್ತಾರೆಂದು ಅವನಿಗೂ ಗೊತ್ತಿರಲಿಲ್ಲ. ಹಸನಬೀ ಮನೆ ಮನೆಗೆ ಹೋಗಿ ಹೇಳಿದಳು: "ನಮ್ಮೂರಿಗೆ ಮೊದಲ ಸಲ ಬರಾಕ ಹತ್ಯಾರ. ಅವರು ನಿಂತು, ನಾವು ಕುಂತರ ಛಲೋ ಕಾಣ್ತೈತೇನ್ರಿ? ಒಂದ್ ದಿನ ಟಂಟಂ ಆಟೋದಾಗ ಹೋಗೂಣು."

ಯಾರೂ ಇಲ್ಲವೆನ್ನಲಿಲ್ಲ. ಮರುದಿನ ಬಸ್ಸು ಗುಡಿಸಿ, ಸೀಟು ಒರೆಸಿ, ಖಾಲಿ ಬಿಟ್ಟುಕೊಟ್ಟೆವು. ಹಸನಬೀ ತನ್ನ ಗಾದಿಯನ್ನೂ ಸಾಹೇಬರಿಗೆ ಹಾಸಿದಳು. ಅವರು ಬಂದದ್ದು ಪ್ರಯಾಣಿಕರನ್ನು ಎಣಿಸಲು ಎಂದು ಆಮೇಲೆ ತಿಳಿಯಿತು. ಎಣಿಸಲು ಯಾರಿದ್ದರು? ನಾವೆಲ್ಲ ಹಿಂದೆ ಟಂಟಂಗಳಲ್ಲಿ ಒತ್ತಿಕೊಂಡು, ಆ ಬಸ್ಸಿನ ಧೂಳು ಕುಡಿಯುತ್ತ ಬರುತ್ತಿದ್ದೆವು. ಟಂಟಂಗಳ ಹೊಗೆಯನ್ನು ಯಾರಾದರೂ ಎಣಿಸಿದರೇ?

ಆ ಎಣಿಕೆಯ ಮೇಲೆ ಬಸ್ಸು ನಿಂತಿತು. ಕಚೇರಿಗೆ ಹೋಗಿ ವಿಚಾರಿಸಿದರೆ, ಖಾಲಿ ಓಡುವ ಬಸ್ಸಿನ ಹೊಗೆ ಯಾರಿಗೆ ಬೇಕು ಎಂದು ಕೇಳಿದರು. ಆ ಮಾತು ಸುಳ್ಳಲ್ಲ. ಅರಳೆಯ ಧೂಳಿನಲ್ಲಿ ಬದುಕಿದ ನನಗೆ ಒಳ್ಳೆಯ ಗಾಳಿ ಬೇಡವೇ? ಆದರೆ ನಮ್ಮ ಬಸ್ಸು ಖಾಲಿ ಇರಲಿಲ್ಲ. ನಾವು ಖಾಲಿ ಮಾಡಿದ್ದೆವು. ಅದನ್ನು ಹೇಳಿದರೆ ಯಾರೂ ನಂಬಲಿಲ್ಲ. ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದು ನಕ್ಕರು.

ಬಸ್ಸು ನಿಂತ ಮೇಲೆ ಟಂಟಂ ತುಂಬುವವರೆಗೆ ಕಾಯಬೇಕು. ನಾವು ಮುಟ್ಟುವಷ್ಟರಲ್ಲಿ ಆಸ್ಪತ್ರೆಯಲ್ಲಿ ಅವಳ ಪಾಳಿ ದಾಟಿರುತ್ತಿತ್ತು. ಹೀಗೆ ತಪ್ಪಿ, ಮತ್ತೆ ತಪ್ಪಿ, ಅವಳ ಕಾಲು ಬಾತವು, ಉಸಿರು ಹಿಡಿಯಿತು. ಬೇಸಿಗೆ ಬರುವಷ್ಟರಲ್ಲಿ ಅವಳಿರಲಿಲ್ಲ. ಆ ಸಾಹೇಬರ ಮೇಲೆ ಅವಳಿಗೆ ಕೊನೆಯವರೆಗೂ ಸಿಟ್ಟು ಬರಲಿಲ್ಲ. "ಗಾದಿ ಮೆತ್ತಗಿತ್ತೇನಂತ ಕೇಳಬೇಕಾಗಿತ್ತು ನೋಡ್ರಿ" ಎಂದಿದ್ದಳು.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ.

ಹೊರಗೆ ಹಾರ ಹಾಕಿ ನಿಲ್ಲಿಸಿದ ಕರೆಂಟಿನ ಬಸ್ಸು ನೋಡಿದೆ. ಹೊಗೆ ಇಲ್ಲ, ಸದ್ದಿಲ್ಲ. ಅದು ಯಾವ ಯಾವ ಊರಿಗೆ ಹೋಗಬೇಕೆಂದು ಸಮಿತಿ ಇನ್ನೂ ಗೊತ್ತುಮಾಡಬೇಕಂತೆ. ನಮ್ಮ ಓಣಿಯ ಯಮನೂರಮ್ಮನಿಗೂ ಈಗ ಅದೇ ರೋಗ, ಅದೇ ಆಸ್ಪತ್ರೆ. ಹೋದ ವಾರ ಅವಳ ಪಾಳಿಯೂ ತಪ್ಪಿತು. ಅದಕ್ಕೇ ಈ ಶಾಲು ಹೊದೆಯಲು ಒಪ್ಪಿದೆ.

ಸಮಿತಿಯ ಸಾಹೇಬರೇ, ಇನ್ನೊಮ್ಮೆ ಎಣಿಸಲು ಬನ್ನಿ. ಈ ಸಲ ನಮ್ಮಲ್ಲಿ ಯಾರೂ ಇಳಿಯುವುದಿಲ್ಲ. ನೀವು ಕಂಬಿ ಹಿಡಿದು ನಿಂತೇ ಬರಬೇಕಾಗುತ್ತದೆ. ಹಸನಬೀ ಇದ್ದಿದ್ದರೆ ಈ ಮಾತಿಗೆ ನನ್ನನ್ನು ಬೈಯುತ್ತಿದ್ದಳು.

ಆ ಗಾದಿಯನ್ನು ಹುಲಿಗೇಶ ಮರಳಿ ತಂದುಕೊಟ್ಟಿದ್ದ. ಈಗ ಅದು ಯಮನೂರಮ್ಮನದು. ಒಳಗೆ ಬರುವ ಮುಂಚೆ ಹೊಸ ಬಸ್ಸಿನ ಕಿಟಕಿಯ ಗಾಜನ್ನು ಸರಿಸಿ ನೋಡಿದೆ. ಸರಿಯುತ್ತದೆ. ಬಸ್ಸನ್ನು ಕಳಿಸುವುದು ನಿಮ್ಮ ಕೆಲಸ, ಗಾದಿ ಹಾಕುವುದು ನನ್ನದು.

ಇಷ್ಟು ಹೊತ್ತು ಕೇಳಿದಿರಿ, ನಿಮ್ಮ ಉಪಕಾರ ಮರೆಯುವುದಿಲ್ಲ. ನಮಸ್ಕಾರ.