ಕಲ್ಯಾಣ ಮಂಟಪದ ಅತಿಥಿಗಳು

ಪ್ರಸಾದ ಹಂಚುವ ಮುಂಚೆ ಒಂದು ಪಟ್ಟಣದ ಸಾಹುಕಾರರ ಮಾತು ಹೇಳುತ್ತೇನೆ, ಕೇಳಿ. ಬಹಳ ದೈವಭಕ್ತರು. ಎಷ್ಟು ಭಕ್ತರೆಂದರೆ, ಮದುವೆಗಳಿಲ್ಲದ ಆಷಾಢದಲ್ಲಿಯೂ ತಮ್ಮ ಕಲ್ಯಾಣ ಮಂಟಪ ಖಾಲಿ ಬೀಳಬಾರದು, ಏನಾದರೂ ಸೇವೆ ನಡೆಯಬೇಕು ಎನ್ನುವವರು.

ಆ ವರ್ಷ ಸೇವೆ ಫೋನಿನಲ್ಲಿಯೇ ಬಂತು. ಇನ್ಸ್‌ಪೆಕ್ಟರು ಹೇಳಿದರು: “ಸಾಹುಕಾರ್ರೇ, ಹೊರದೇಶದಿಂದ ಬಂದ ಗಾರೆ ಕೆಲಸದೋರು ಏಳು ಜನ. ಪೇಪರ್ ಚೆಕ್ ಮಾಡ್ಬೇಕು. ಸ್ಟೇಷನ್ನಲ್ಲಿಟ್ರೆ ಎಲ್ಲಾ ಬರ್ಕೋಬೇಕಾಗುತ್ತೆ. ನಿಮ್ಮಲ್ಲಿ ನಾಲ್ಕು ದಿನ ಇರ್ಲಿ.”

ಸಾಹುಕಾರರು ಏಳು ಜನರನ್ನೂ ಒಳಗೆ ಕಳಿಸಿದರು. ತಮ್ಮದೇ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಾಗಿಲ ಮೇಲಿನ ‘ಸುಸ್ವಾಗತ’ ಫಲಕ ಹಾಗೆಯೇ ಇತ್ತು.

ಅವರ ಸೇವೆಯಲ್ಲಿ ಕೊರತೆ ಹುಡುಕಬೇಡಿ. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಮೈಕಿನಲ್ಲಿ ಭಜನೆ. ನಾಲ್ಕು ದಿನ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಇಲ್ಲೇ ವರ್ಷಗಟ್ಟಲೆ ದುಡಿದು ಕನ್ನಡ ಕಲಿತಿದ್ದ ಒಬ್ಬ ಗಾರೆಯವನು ದಿನವೂ ಕಿಟಕಿಗೆ ಬರುತ್ತಿದ್ದ.

“ಯಜಮಾನ್ರೇ, ನನ್ ಹೆಂಡ್ತಿ ಆಸ್ಪತ್ರೇಲಿ ಮಲಗವ್ಳೆ. ನನ್ ಪೇಪರೆಲ್ಲ ಸರಿ ಐತೆ. ಒಂದ್ಸಲ ನೋಡ್ಕೊಂಡು ಬತ್ತೀನಿ.”

“ದೇವರ ಮೇಲೆ ಭಾರ ಹಾಕಪ್ಪ. ಉಪ್ಪಿಟ್ಟು ಇನ್ನೊಂಚೂರು ಹಾಕಿಸ್ಲಾ?”

ಹೀಗೆನ್ನುವಾಗ ಸಾಹುಕಾರರ ಕಣ್ಣು ನಿಜವಾಗಿಯೂ ಒದ್ದೆಯಾಗುತ್ತಿತ್ತು. ಕೈ ಮಾತ್ರ ಸೊಂಟಕ್ಕೆ ಹೋಗುತ್ತಿರಲಿಲ್ಲ. ಅವರಿಗೂ ಚಿಂತೆಯಿತ್ತು, ಇಲ್ಲವೆನ್ನಬೇಡಿ. ಶ್ರಾವಣದ ಮೊದಲ ಮುಹೂರ್ತಕ್ಕೆ ಮಂಟಪ ಆಗಲೇ ಬುಕ್ ಆಗಿತ್ತು. ‘ದೇವರೇ, ಅಷ್ಟರೊಳಗೆ ಇವರಿಗೆ ಬಿಡುಗಡೆ ಕೊಡು’ ಎಂದು ದೀಪ ಹಚ್ಚಿದರು.

ಆಸ್ಪತ್ರೆಯ ಹಾಸಿಗೆಯಿಂದ ಆ ಹೆಂಡತಿ ಹೇಳಿಕಳಿಸಿದ್ದಕ್ಕೆ ಮೂವರು ವಕೀಲರು ಬಂದರು. ಯಾರಿಂದಲೂ ಫೀಸು ತೆಗೆದುಕೊಳ್ಳದವರು. “ಕೇಸಿಲ್ದೆ ಕೂತೋರಿಗೆ ಟೈಂಪಾಸು” ಎಂದು ಊರು ನಕ್ಕಿತು. ಅವರಲ್ಲಿ ಒಬ್ಬ ಹೆಣ್ಣುಮಗಳು ಸಾಹುಕಾರರನ್ನು ಕೇಳಿದಳು:

“ಇವ್ರನ್ನ ಒಳಗಿಡೋಕೆ ಆರ್ಡರ್ ಎಲ್ಲಿದೆ, ಯಜಮಾನ್ರೇ?”

“ಆರ್ಡರ್ ಯಾಕಮ್ಮ? ಫೋನಲ್ಲಿ ಹೇಳಿದಾರೆ.”

“ಬೀಗ ಯಾರದು?”

“ನಮ್ದೇ. ಗಟ್ಟಿ ಮಾಲು.”

ಅವಳು ಅದನ್ನು ಬರೆದುಕೊಂಡಳು. ಮೂರು ದಿನಕ್ಕೆ ಅರ್ಜಿ ಹೈಕೋರ್ಟಿನಲ್ಲಿತ್ತು. ಇವರನ್ನು ಯಾರ ಆದೇಶದ ಮೇಲೆ ಕೂಡಿಹಾಕಿದ್ದೀರಿ ಎಂದು ನ್ಯಾಯಾಧೀಶರು ಕೇಳಿದರು. ಸರ್ಕಾರದ ವಕೀಲರು ತಣ್ಣಗೆ ಎದ್ದು ನಿಂತರು. “ನಾವು ಯಾರನ್ನೂ ಬಂಧಿಸಿಲ್ಲ, ಸ್ವಾಮಿ. ಅದು ಖಾಸಗಿ ಕಲ್ಯಾಣ ಮಂಟಪ. ಅವರು ಅಲ್ಲಿ ಅತಿಥಿಗಳು.”

ಇನ್ಸ್‌ಪೆಕ್ಟರು ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದರು.

“ಅತಿಥಿಗಳಿಗೆ ಹೊರಗಿಂದ ಬೀಗ ಹಾಕ್ತೀರೇನ್ರೀ?” ಎಂದರು ನ್ಯಾಯಾಧೀಶರು.

ಅಂದೇ ಬಾಗಿಲು ತೆಗೆಯಬೇಕೆಂದು ಆದೇಶವಾಯಿತು. ತೆಗೆದವರು ಸಾಹುಕಾರರೇ. ಗಾರೆಯವನು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ. ಹೆಂಡತಿ ಹಿಂದಿನ ದಿನ ತೀರಿಕೊಂಡಿದ್ದಳು.

ಸಾಹುಕಾರರು ಹಣ್ಣು ಹಿಡಿದು ಮಾತನಾಡಿಸಲು ಹೋದರು. “ದೇವರಿಚ್ಛೆ ಕಣಪ್ಪ” ಎಂದರು.

ಅವನು ತಲೆ ಎತ್ತಲಿಲ್ಲ. “ಕೀಲಿ ನಿಮ್ಮತ್ರ ಇತ್ತಲ್ಲ, ಯಜಮಾನ್ರೇ.”

ನೋಡಿ, ದೇವರಿಚ್ಛೆ ಎಂಬ ಮಾತು ಸಾವು ಕಂಡ ಮನೆಯವರಿಗೆ ಊರುಗೋಲು. ರಾತ್ರಿ ಕಳೆಯಲು ಅವರಿಗೆ ಅದು ಬೇಕು. ಬೀಗ ಹಾಕಿದವನು ಅದನ್ನು ಕಿತ್ತುಕೊಂಡು ತಾನೇ ಊರಿಕೊಂಡು ನಡೆಯಬಾರದು. ಆ ಬೀಗವನ್ನು ದೇವರು ಹಾಕಿದನೇ? ತೆಗೆಯಬೇಡ ಎಂದು ದೇವರು ಹೇಳಿದನೇ?

‘ನಾವು ಯಾರನ್ನೂ ಕೂಡಿಹಾಕಿಲ್ಲವಲ್ಲ’ ಎಂದು ಈಗ ಪಕ್ಕದವರ ಮುಖ ನೋಡುತ್ತಿದ್ದೀರಿ. ಸರಿ. ಹೊರಗಿನಿಂದ ಬಂದು ನಿಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸಿನ ಗುರುತಿನ ಚೀಟಿ ಯಾರ ಬೀರುವಿನಲ್ಲಿದೆ? ಪಾಪ, ಕಳೆದುಹೋಗದಿರಲಿ ಎಂದು ಇಟ್ಟುಕೊಂಡಿದ್ದೀರಿ. ಅವಳು ಊರಿಗೆ ಹೋಗುತ್ತೇನೆ ಎಂದಾಗ ಮಾತ್ರ ಅದು ಕೈಗೆ ಸಿಗುವುದಿಲ್ಲ. ಇವತ್ತು ಮನೆ ಸೇರಿದ ಕೂಡಲೇ, ಕೈಕಾಲು ತೊಳೆಯುವ ಮುಂಚೆ, ಅದನ್ನು ಅವಳ ಕೈಗೆ ಕೊಡಿ. ನಿಮ್ಮ ಬೀದಿಯಲ್ಲಿ ಯಾರನ್ನಾದರೂ ಜೀಪು ಹತ್ತಿಸಿದರೆ ‘ಆದೇಶ ತೋರಿಸಿ’ ಎನ್ನಿ. ಹೆದರಿಕೆಯಾದರೆ, ಕೇಳಬಲ್ಲ ವಕೀಲರಿಗೆ ಸುದ್ದಿ ಮುಟ್ಟಿಸಿ. ಇದಿಷ್ಟನ್ನೂ ಮಾಡದೆ ನಾಳೆ ಇಲ್ಲಿ ಬಂದು ಪ್ರಸಾದಕ್ಕೆ ಕೈ ಚಾಚಬೇಡಿ.