ಎರಡು ತೊಟ್ಟಿ, ಒಂದು ನೀಲಿ ಮಗ್ಗು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮುಖ್ಯ ಅತಿಥಿಗಳೇ, ಊಟಕ್ಕೆ ಮುಂಚೆ ನನ್ನ ಕೈಗೆ ಸಿಕ್ಕಿಬಿದ್ದಿರುವ ಸಭಿಕರೇ,

ನನ್ನ ಬಗ್ಗೆ ಈಗಷ್ಟೇ ನಾಲ್ಕು ಜನ ಮಾತಾಡಿದರು. ಕೇಳುತ್ತಾ ಕೇಳುತ್ತಾ, ಈ ಮಹಾನುಭಾವನನ್ನು ನಾನೂ ಒಮ್ಮೆ ಭೇಟಿಯಾಗಬೇಕು ಅನ್ನಿಸಿತು. ಕೃತಕ ಹೃದಯದ ಎಡ-ಬಲಗಳನ್ನು ಸರಿದೂಗಿಸಿದವನಂತೆ! ಎರಡು ಕಾಲಿಗೆ ಒಂದೇ ಬಣ್ಣದ ಕಾಲುಚೀಲ ಹಾಕಿಕೊಳ್ಳಲು ಬಾರದವನು ನಾನು. ಬೇಕಾದರೆ ಕೆಳಗೆ ನೋಡಿ.

ಹೃದಯವೆಂದರೆ ಎರಡು ಪಂಪು. ಬಲದ್ದು ಶ್ವಾಸಕೋಶಕ್ಕೆ ರಕ್ತ ದೂಡುತ್ತದೆ, ಎಡದ್ದು ಅದನ್ನು ಅಲ್ಲಿಂದೆತ್ತಿ ಮೈಗೆಲ್ಲ ಕಳಿಸುತ್ತದೆ. ಎಡದ್ದಕ್ಕೆ ಕೆಲಸ ಹೆಚ್ಚು. ಅದು ಚೂರು ಹಿಂದೆ ಬಿದ್ದರೂ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಾನು ಮೆಕ್ಯಾನಿಕ್, ಎರಡನ್ನೂ ಒಂದೇ ಶಕ್ತಿಯ ತದ್ರೂಪಿಗಳಾಗಿ ಮಾಡಿಟ್ಟೆ, ಸಮಾನತೆ ಎಂದು ಬೀಗಿದೆ ಕೂಡ.

ಪರೀಕ್ಷೆಗೆ ಮೇಜಿನ ಮೇಲೆ ಎರಡು ಗಾಜಿನ ತೊಟ್ಟಿ. ಒಂದು ಶ್ವಾಸಕೋಶ, ಇನ್ನೊಂದು ಮೈ. ಪಂಪುಗಳು ಇವೆರಡರ ನಡುವೆ ನೀರು ಸುತ್ತಿಸಬೇಕು, ಮಟ್ಟ ಏರುಪೇರಾಗಬಾರದು. ಆದರೆ ಶ್ವಾಸಕೋಶದ ತೊಟ್ಟಿ ತಾಸಿಗೆ ಒಂದು ಬೆರಳಿನಷ್ಟು ಏರುತ್ತಿತ್ತು. ಏನು ಮಾಡಿದೆ? ಮನೆಯ ಬಚ್ಚಲಿಂದ ನೀಲಿ ಮಗ್ಗು ತಂದೆ. ತಾಸಿಗೊಮ್ಮೆ ಇಲ್ಲಿಂದ ಮೊಗೆದು ಅಲ್ಲಿಗೆ ಸುರಿದೆ. ಕೊಳವೆ ಎಲ್ಲೋ ಸಡಿಲವಾಗಿದೆ, ಆಮೇಲೆ ನೋಡೋಣ ಎಂದುಕೊಂಡೆ. ವರದಿಯಲ್ಲಿ ‘ಮಟ್ಟ ಸಮ’ ಎಂದು ಬರೆದೆ. ಮಗ್ಗಿನ ವಿಷಯ ಬರೆಯಲಿಲ್ಲ.

ಮನೆಯಲ್ಲಿ ಮಗ್ಗಿಗಾಗಿ ದೊಡ್ಡ ರಂಪ. “ನಿಮ್ಮ ತಂಗಿ ಬಂದು ಹೋದ್ಮೇಲೇ ಕಾಣ್ತಿಲ್ಲ” ಅಂದಳು ಹೆಂಡತಿ. ನಾನು ಪೇಪರ್ ಓದುತ್ತಿದ್ದೆ. ಓದುತ್ತಲೇ ಇದ್ದೆ. ತಂಗಿ ಎರಡು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ನಕ್ಕುಬಿಡಿ, ಮುಂದೆ ನಗುವುದಕ್ಕೆ ಹೆಚ್ಚೇನಿಲ್ಲ.

ಆ ಹೃದಯವನ್ನು ಒಂದು ಕರುವಿಗೆ ಜೋಡಿಸಿದರು. ಜೋಡಿಸಿದವರು ಆಗಿನ ನಮ್ಮ ಯುವ ಸರ್ಜನ್, ಇಂದಿನ ಅಧ್ಯಕ್ಷರು. ಮರುದಿನ ಕರು ಎದ್ದು ನಿಂತು ನನ್ನ ಅಂಗಿಯ ಚುಂಗು ಜಗಿಯಿತು. ಮೂರನೆಯ ದಿನ ಉಸಿರಿಗೆ ಒದ್ದಾಡಿ ಹೋಯಿತು. ಶ್ವಾಸಕೋಶದ ತುಂಬ ನೀರು. ಅದರೊಳಗೆ ಮಗ್ಗು ಹಿಡಿದು ಕೂತವರು ಯಾರೂ ಇರಲಿಲ್ಲ.

ವಿಚಾರಣೆ ನಡೆಯಿತು. ಹೊಲಿಗೆ ಬಿಗಿಯಾಗಿ ರಕ್ತನಾಳ ಕಿರಿದಾಗಿರಬಹುದು ಎಂದರು ಯಾರೋ. ನಮ್ಮ ಈ ಅಧ್ಯಕ್ಷರು ತಮ್ಮ ಕೈ ನೋಡಿಕೊಂಡು, “ನನ್ನ ಹೊಲಿಗೆನೇ ಇರ್ಬೇಕು” ಅಂದರು. ನಾನು ಎದುರು ಕುರ್ಚಿಯಲ್ಲಿದ್ದೆ. ಅಂದು ಕೈಯಲ್ಲಿ ಪೇಪರ್ ಇರಲಿಲ್ಲ, ವರದಿಯಿತ್ತು. ಅದನ್ನೇ ಓದುತ್ತಾ ಕೂತೆ. ಆ ತಿಂಗಳೇ ಇವರು ಕತ್ತರಿ ಕೆಳಗಿಟ್ಟು ಆಡಳಿತಕ್ಕೆ ಹೋದರು, ಇಪ್ಪತ್ತಾರು ವರ್ಷ ಕಡತಗಳಿಗೆ ಸಹಿ ಹಾಕಿದರು. ನಾನು ಎಡ ಪಂಪಿಗೆ ಚೂರು ಶಕ್ತಿ ಹೆಚ್ಚಿಸಿದೆ, ಹೊಸ ಹೃದಯ ನಡೆಯಿತು. ಹೇಗೆ ಹೊಳೆಯಿತು ಎಂದು ಎಲ್ಲರೂ ಕೇಳುತ್ತಾರೆ. ಅನುಭವ ಅನ್ನುತ್ತೇನೆ, ಬಹಳ ಗಂಭೀರವಾಗಿ.

ಕಳೆದ ವಾರ ಇವರು ಫೋನ್ ಮಾಡಿದ್ದರು. “ನನ್ನ ತಪ್ಪನ್ನ ದಾಟಿ ನೀವು ಹೃದಯ ನಡೆಸಿದ್ರಿ, ನಿಮ್ಮ ಸನ್ಮಾನಕ್ಕೆ ನಾನೇ ಬರ್ತೀನಿ” ಅಂದರು. ಫೋನ್ ಇಟ್ಟವನೇ ನಾನು ಈ ಚೀಲ ಸಿದ್ಧಮಾಡಿದೆ.

ಈ ಚೀಲದಲ್ಲಿ ಭಾಷಣವಿದೆ ಎಂದುಕೊಂಡಿದ್ದೀರಿ. ಇಗೋ, ಮಗ್ಗು. ಸರ್, ನಿಮ್ಮ ಹೊಲಿಗೆ ಸರಿಯಾಗಿಯೇ ಇತ್ತು. ಕರು ಸತ್ತ ದಿನವೇ ನನಗದು ಗೊತ್ತಿತ್ತು.

ಸಂಘಟಕರಿಗೆ ಕೃತಜ್ಞತೆಗಳು, ಫಲಕದ ಮೇಲೆ ನನ್ನ ಹೆಸರು ಕೆತ್ತಿಸಿಬಿಟ್ಟಿದ್ದೀರಿ, ಕ್ಷಮಿಸಿ. ಸಭೆಗೆ ನನ್ನ ನಮಸ್ಕಾರ. ಸರ್, ನಿಮ್ಮ ಆ ಎರಡು ಕೈಗಳಿಗೆ, ಬೇರೆಯಾಗಿ, ನಮಸ್ಕಾರ.