ಸೀಳಿನಲ್ಲಿ ಕಚ್ಚಿಕೊಂಡ ಕಲ್ಲು

ಸೋರುವ ನಲ್ಲಿ ಹಿಡಿದು ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಟೀಚರಮ್ಮನ ಮುಂದೆ ಒಬ್ಬಳು ಅತ್ತಿಗೆ, ಅವಳ ಮೈದುನ. ಮೈದುನನ ಕೈಯಲ್ಲಿ ತೆಳ್ಳನೆಯ ಗರಗಸದ ಅಲಗು.

“ನೀರಿಂದ ಮೇಲೆತ್ತಿರೋ ಹಾಯಿದೋಣಿಯ ಹೊಟ್ಟೆಯೊಳಗೆ ಸಿಕ್ಕಿಕೊಂಡಿರೋ ಹಲಗೆ ಬಿಡಿಸೋಕೆ ಇಷ್ಟೇ ಸಾಕಾ?”

“ಸಾಕು ಅತ್ತಿಗೆ. ದೋಣೀನ ಮಗ್ಗುಲಿಗೆ ಮಲಗಿಸಿ, ಹಲಗೆ ಇಳಿಯೋ ಕೆಳಗಿನ ಸೀಳಿನಲ್ಲಿ ಇದನ್ನ ಆಡಿಸಿದ್ರೆ ಅಲ್ಲಿ ಸಿಕ್ಕಿರೋ ಕಲ್ಲು ಉದುರುತ್ತೆ. ಮೇಲಿಂದ ಬಡಿದ್ರೆ ಇನ್ನೂ ಕಚ್ಕೊಳ್ಳುತ್ತೆ.”

“ಹಲಗೆ ನೀರಿಗೆ ಇಳೀದೇ ಇದ್ರೆ?”

“ದೋಣಿ ಗಾಳಿಗೆ ಅಡ್ಡಡ್ಡ ಜಾರುತ್ತೆ. ಬಂಡೆ ಕಡೆಗೇ.”

“ಹಾಗಾದ್ರೆ ದೋಣಿ ಮುಳುಗಿದ ದಿನ ನಿಮ್ಮಣ್ಣ ಹಲಗೆ ಇಳಿಸೋ ಹಗ್ಗ ಬಿಟ್ಟಿದ್ದಾರೆ, ಹಲಗೆ ಇಳಿದಿಲ್ಲ.”

ಮೈದುನ ಅಲಗಿನ ಹಲ್ಲು ಸವರುತ್ತ ನಿಂತ.

“ಅದಕ್ಕೆ ಹಿಂದಿನ ವಾರ ದೋಣಿ ದಡಕ್ಕೆ ಎಳೆದ ಮೇಲೆ ಸೀಳು ತೊಳೆಯೋ ಸರದಿ ನಂದಾಗಿತ್ತು. ತೊಳೆದಿದ್ದೀನಿ ಅಂತ ಅಣ್ಣನಿಗೆ ಸುಳ್ಳು ಹೇಳಿದೆ.”

ಟೀಚರಮ್ಮ ನಲ್ಲಿ ನೋಡುವ ನೆಪದಲ್ಲಿ ತಲೆ ತಗ್ಗಿಸಿದರು.

“ಅಮ್ಮನಿಗೆ ಇವತ್ತೇ ಹೇಳಿಬಿಡ್ತೀನಿ ಅತ್ತಿಗೆ. ಗಾಳಿ ನೋಡದೆ ಹೋದ ಹುಂಬ ಅಂತ ದಿನಾ ಅಣ್ಣನಿಗೇ ಬೈತಾಳೆ.”

“ಬೈಕೊಳ್ಳಲಿ ಬಿಡು. ಅತ್ತೆಗೆ ಉಳಿದಿರೋ ಮಗ ನೀನೊಬ್ಬನೇ.”

ಅವಳು ಅಲಗನ್ನು ಅವನ ಕೈಯಿಂದ ತೆಗೆದುಕೊಂಡಳು.

“ಆದ್ರೆ ಆ ಕಲ್ಲು ನಾನೊಬ್ಬಳೇ ಉದುರಿಸ್ತೀನಿ. ನೀನು ದೋಣಿ ಹತ್ತಿರ ಬರಬೇಡ.”

ಅಲಗಿನ ದುಡ್ಡು ಕೊಟ್ಟು ಇಬ್ಬರೂ ಬಾಗಿಲು ದಾಟಿದರು, ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ.